ಮಬ್ಬುಗತ್ತಲಲ್ಲಿ ಹಂದಿ ಶಿಕಾರಿ: ಸ್ಕೋಪ್ ಕ್ಯಾಮೆರಾ ಬಳಸುವುದು ಹೇಗೆ?

ಟೆಕ್ಸಾಸ್‌ನಲ್ಲಿ ಕಾಡುಹಂದಿಗಳು ಹೊಲಕ್ಕೆ ಇಳಿಯುವುದೇ ಹೆಚ್ಚಾಗಿ ಹೊತ್ತು ಮುಳುಗಿದ ಮೇಲೆ. ಆ ಹೊತ್ತಲ್ಲಿ ರೈಫಲ್ ಸ್ಕೋಪ್‌ಗೆ (ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು) ಕ್ಯಾಮೆರಾ ಸಿಕ್ಕಿಸಿಕೊಂಡು ಹೋದ ಎಷ್ಟೋ ಜನಕ್ಕೆ ಸಿಗುವುದು ಕಪ್ಪು ಪರದೆ, ಅದರ ತುಂಬ ಚುಕ್ಕಿ. ಸ್ವಲ್ಪ ತಯಾರಿ ಇದ್ದರೆ ಹೀಗಾಗುವುದಿಲ್ಲ.

ಮೊದಲು ಕಾನೂನು. ಅಲ್ಲಿ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಕಾಡುಹಂದಿ ಹೊಡೆಯಲು 2019ರ ಸೆಪ್ಟೆಂಬರ್‌ನಿಂದ ಶಿಕಾರಿ ಲೈಸೆನ್ಸ್ ಬೇಕಿಲ್ಲ, ರಾತ್ರಿಯೂ ಹೊಡೆಯಬಹುದು. ಆದರೆ ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ನಮ್ಮವರು ಇದನ್ನು ಗಮನವಿಟ್ಟು ಓದಿ: ಫೆಡರಲ್ ಕಾನೂನಿನಂತೆ ನೀವು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಹಾಗಾಗಿ ಹಂದಿಗೆ ಬೇಡವಲ್ಲ ಅಂತ ಸುಮ್ನೆ ಇರದೆ ಲೈಸೆನ್ಸ್ ಮಾಡಿಸಿಕೊಳ್ಳಿ. ಜಿಂಕೆಗೆ ರಾತ್ರಿ ಶಿಕಾರಿ ಇಲ್ಲ, ಸೂರ್ಯ ಮುಳುಗಿ ಅರ್ಧ ಗಂಟೆಗೆ ಮುಗಿಯಿತು. ಕರ್ನಾಟಕದಲ್ಲಂತೂ 1972ರ ವನ್ಯಜೀವಿ ಕಾಯ್ದೆಯಡಿ ಶಿಕಾರಿಯೇ ಅಪರಾಧ.

ಕ್ಯಾಮೆರಾ ಜೋಡಿಸುವುದನ್ನು ಹಗಲಲ್ಲೇ ಮುಗಿಸಿ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಬೋಲ್ಟ್ (ಗುಂಡು ಕೂರುವ ಜಾಗವನ್ನು ಮುಚ್ಚುವ ಭಾಗ) ತೆರೆದು, ಒಳಗೆ ಗುಂಡಿಲ್ಲ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿಕೊಂಡ ಮೇಲೇ ಕೈ ಹಾಕಿ. ಕ್ಯಾಮೆರಾ ಸ್ಕೋಪ್‌ನ ಹಿಂಬದಿಗೆ ಕೂರುತ್ತದೆ, ಅಂದರೆ ಅಷ್ಟು ನಿಮ್ಮ ಮುಖಕ್ಕೆ ಹತ್ತಿರ ಬರುತ್ತದೆ. ಗುಂಡು ಹಾರಿ ರೈಫಲ್ ಹಿಂದಕ್ಕೆ ಒದ್ದಾಗ ಹುಬ್ಬಿಗೆ ಬಡಿಯದಷ್ಟು ಜಾಗ ಇದೆಯಾ ನೋಡಿ. ಶೂಟಿಂಗ್ ರೇಂಜ್‌ನಲ್ಲಿ ನಾಲ್ಕೈದು ಗುಂಡು ಹಾರಿಸಿ, ಸ್ಕ್ರೂ ಸಡಿಲ ಆಯಿತಾ ಅಂತ ಪರೀಕ್ಷಿಸಿ.

ಇನ್ನು ಬೆಳಕು. ಎಲ್ಲರೂ ಎಡವುವುದು ಇಲ್ಲೇ. ಹಂದಿ ದೂರ ಇದೆ ಅಂತ ಸ್ಕೋಪ್‌ನ ಜೂಮ್ ಏರಿಸುತ್ತಾರೆ, ಚಿತ್ರ ಇನ್ನೂ ಕಪ್ಪಾಗುತ್ತದೆ. ಸ್ಕೋಪ್‌ನ ಮುಂದಿನ ಗಾಜಿನ ಅಗಲವನ್ನು ಜೂಮ್‌ನಿಂದ ಭಾಗಿಸಿ, ಹೊರಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ: 50 ಮಿ.ಮೀ. ಗಾಜು, 10 ಪಟ್ಟು ಜೂಮ್ ಅಂದರೆ 5 ಮಿ.ಮೀ., 7 ಪಟ್ಟಿಗೆ ಇಳಿಸಿದರೆ 7 ಮಿ.ಮೀ. ಕ್ಯಾಮೆರಾ ಲೆನ್ಸ್ ಅಷ್ಟನ್ನೂ ಒಳಗೆ ತೆಗೆದುಕೊಳ್ಳುವಂತಿದ್ದರೆ, ಅಷ್ಟೇ ವ್ಯತ್ಯಾಸಕ್ಕೆ ಬೆಳಕು ಹೆಚ್ಚೂಕಡಿಮೆ ದುಪ್ಪಟ್ಟು! ಕ್ಯಾಮೆರಾದ ಡಿಜಿಟಲ್ ಜೂಮ್ ಅಂತೂ ಮುಟ್ಟಲೇಬೇಡಿ. ಸೆಕೆಂಡಿಗೆ 60 ಫ್ರೇಮ್ ಬಿಟ್ಟು 30 ಇಡಿ, ಪ್ರತಿ ಫ್ರೇಮ್‌ಗೂ ಬೆಳಕು ತುಂಬಿಕೊಳ್ಳಲು ಜಾಸ್ತಿ ಹೊತ್ತು ಸಿಗುತ್ತದೆ. ಬೆಳಕಿರುವಾಗಲೇ ಬೇಲಿ ಕಂಬದ ಮೇಲೆ ಫೋಕಸ್ ಮಾಡಿ ಲಾಕ್ ಮಾಡಿಬಿಡಿ, ಇಲ್ಲದಿದ್ದರೆ ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತಲೇ ಇರುತ್ತದೆ.

ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಟಾರ್ಚ್ ಕೊಳ್ಳುವ ಮುಂಚೆ ಒಂದು ಮಾತು. ಫೋನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಆ ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತದೆ, ದುಡ್ಡು ದಂಡ. ರಾತ್ರಿಗೆಂದೇ ಮಾಡಿದ ಕ್ಯಾಮೆರಾ ಇದ್ದರೆ 850 ನ್ಯಾನೋಮೀಟರ್ ಟಾರ್ಚ್ ದೂರಕ್ಕೆ ಹೋಗುತ್ತದೆ, ಆದರೆ ಬಲ್ಬ್ ಮಂಕಾಗಿ ಕೆಂಪಗೆ ಕಾಣುತ್ತದೆ. 940 ನ್ಯಾನೋಮೀಟರ್‌ದಾದರೆ ಬಲ್ಬ್ ಕಾಣುವುದಿಲ್ಲ, ಆದರೆ ಬೆಳಕು ಹೋಗುವ ದೂರ ಕಡಿಮೆ.

ಪರದೆಯ ಬೆಳಕನ್ನು ಪೂರ್ತಿ ಇಳಿಸಿ. ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಬೇಕು, ಹೊಳೆಯುವ ಪರದೆಯನ್ನು ಒಮ್ಮೆ ನೋಡಿದರೆ ಅಷ್ಟೂ ಹೋಯಿತು.

ಏನೋ ಅಲುಗಾಡಿತು ಅಂತ ಸ್ಕೋಪ್‌ನಲ್ಲಿ ಹುಡುಕಬೇಡಿ. ಸ್ಕೋಪ್ ತಿರುಗಿದ ಕಡೆ ನಳಿಗೆಯೂ ತಿರುಗುತ್ತದೆ, ಅಲ್ವಾ? ಮೊದಲು ಬೈನಾಕ್ಯುಲರ್, ಹಂದಿಯೇ ಅಂತ ಖಾತ್ರಿ, ಅದರ ಹಿಂದೆ ಮನೆ, ರಸ್ತೆ, ದನ ಇಲ್ಲ ಅಂತ ಖಾತ್ರಿ. ಆಮೇಲೆ ರೆಕಾರ್ಡ್ ಒತ್ತಿ, ರೈಫಲ್ ಎತ್ತಿ. ಕಣ್ಣಿಗೂ ಪರದೆಗೂ ಅದು ಹಂದಿಯೋ ಕರುವೋ ಗೊತ್ತಾಗದಷ್ಟು ಕತ್ತಲಾದರೆ ಗುಂಡು ತೆಗೆದಿಟ್ಟು ಮನೆಗೆ ಹೊರಡಿ.