ತೆರಿಗೆಯಿಲ್ಲದ ಬೇಳೆ, ಬಾರದ ಬಾಕಿ

ಕಲಬುರಗಿಯ ಕಪನೂರಿನಲ್ಲಿ ನನ್ನದೊಂದು ಸಣ್ಣ ಬೇಳೆ ಮಿಲ್ಲಿದೆ. ಗಂಜಿನಲ್ಲಿ, ಅಂದರೆ ಇಲ್ಲಿನ ಧಾನ್ಯ ಮಾರುಕಟ್ಟೆಯಲ್ಲಿ, ತೊಗರಿ ಕೊಂಡರೆ ಅಡತಿ (ಕಮಿಷನ್ ಏಜೆಂಟರ) ಅಂಗಡಿಗೆ ಬೇಗನೆ ಹಣ ಕಟ್ಟಬೇಕು; ಬೇಳೆ ಮಾರುವಾಗ ಮಾತ್ರ ಎರಡು ತಿಂಗಳ ಉದ್ರಿ. ನಡುವಿನ ಅಂತರವನ್ನು ಬ್ಯಾಂಕಿನ ಸಾಲ ತುಂಬುತ್ತದೆ, ಆ ಸಾಲದ ಬಡ್ಡಿಯನ್ನು ನಾವು ತುಂಬುತ್ತೇವೆ. 2023ರ ಕೊನೆಯ ತಿಂಗಳುಗಳಲ್ಲಿ ಹೊರರಾಜ್ಯದ ಸಗಟು ವ್ಯಾಪಾರಿಯೊಬ್ಬರು ಮೂರು ಲೋಡು, ಅಂದರೆ ಸುಮಾರು 21 ಲಕ್ಷ ರೂಪಾಯಿಯ ಮಾಲು ತರಿಸಿಕೊಂಡು ಹಣ ನಿಲ್ಲಿಸಿದರು.

ಕರಾರು ಪತ್ರ ಇರಲಿಲ್ಲ. "ಕಾಗದ ಯಾಕ್ರಿ ಸಾವ್ಕಾರ್ರ, ಪಾರ್ಟಿ ಛಲೋ ಅದ" ಎಂದು ದಲ್ಲಾಳಿ ಹೇಳಿದ್ದೇ ಕರಾರು.

2024ರ ಫೆಬ್ರವರಿಯಲ್ಲಿ ಬಂದ ಐದು ಲಕ್ಷದ ಚೆಕ್ಕು ಹಣವಿಲ್ಲವೆಂದು ವಾಪಸಾಯಿತು. ಬ್ಯಾಂಕಿನ ಮೆಮೊ ಕೈಸೇರಿದ 30 ದಿನಗಳೊಳಗೆ ನೋಟಿಸು ಕೊಡಬೇಕು, 15 ದಿನ ಕಾದು, ಆಮೇಲಿನ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು ಸಲ್ಲಿಸಬೇಕು ಎಂಬುದು ಚೆಕ್ ಬೌನ್ಸ್ ಕಾಯ್ದೆಯ 138ನೇ ಕಲಮಿನ ಲೆಕ್ಕ. ನಾನು ಆ 30 ದಿನಗಳನ್ನು ಫೋನು ಮಾಡುವುದರಲ್ಲಿ ಕಳೆದೆ. ದೂರು ತಡವಾದರೆ ಕೋರ್ಟು ಮನ್ನಿಸಬಹುದು, ನೋಟಿಸು ತಡವಾದರೆ ಆ ದಾರಿ ಮುಚ್ಚಿತು ಎಂದು ವಕೀಲರು ಹೇಳಿದಾಗ ನನ್ನ ಸೌಜನ್ಯದ ಬಗ್ಗೆ ನನಗೇ ಸಿಟ್ಟು ಬಂತು.

ಅವರೇ ತೋರಿಸಿದ ಎರಡನೆಯ ದಾರಿ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ 2006ರ ಎಂಎಸ್‌ಎಂಇ ಕಾಯ್ದೆಯದು. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಆಗ ಬ್ಯಾಂಕ್ ದರ ಶೇ. 6.75 ಇದ್ದುದರಿಂದ ಅದು ಶೇ. 20.25 ಆಗುತ್ತಿತ್ತು. ನಾನು ಬಾಯಿಮಾತಿನಲ್ಲಿ ಕೊಟ್ಟ ಎರಡು ತಿಂಗಳು ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ಖರೀದಿದಾರರು ಯಾವ ರಾಜ್ಯದಲ್ಲಿದ್ದರೂ ಮಾಲು ಕೊಟ್ಟವರ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ (ಇಂಥ ಬಾಕಿ ತಕರಾರು ಬಗೆಹರಿಸುವ ಮಂಡಳಿ) ವಿಚಾರಣೆ ನಡೆಸಬಹುದು ಎಂಬುದು ನನ್ನಂಥವರಿಗೆ ದೊಡ್ಡ ಅನುಕೂಲ.

ಆದರೆ ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ನನ್ನದು ಆದದ್ದು ಮೊದಲ ಲೋಡು ಹೋದ ಮೇಲೆ, ಅದೂ ಬ್ಯಾಂಕಿನವರು ಒತ್ತಾಯಿಸಿದ್ದಕ್ಕೆ. ನೋಂದಣಿಗೆ ಮುಂಚಿನ ಮಾಲಿಗೆ ಈ ರಕ್ಷಣೆ ಕೇಳುವುದು ಕಷ್ಟವೆಂದು ವಕೀಲರು ಆ ಏಳು ಲಕ್ಷವನ್ನು ಅರ್ಜಿಯಿಂದ ಹೊರಗಿಟ್ಟರು.

ನಿಜವಾದ ಪೇಚು ಪುರಾವೆಯದು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಬೇಳೆ ಪೊಟ್ಟಣಕ್ಕೆ ಶೇ. 5 ಜಿಎಸ್‌ಟಿ ಇದೆ. ನಾವು ಕಳಿಸಿದ್ದು 50 ಕಿಲೋ ಚೀಲ, ತೆರಿಗೆಯಿಲ್ಲ. ತೆರಿಗೆಯಿಲ್ಲದ ಇಂಥ ಮಾಲಿಗೆ ಇ-ವೇ ಬಿಲ್ಲೂ (ಸಾಗಣೆಗೆ ಮುಂಚೆ ಸರ್ಕಾರಿ ಪೋರ್ಟಲಿನಲ್ಲಿ ಮಾಡಿಸುವ ಚೀಟಿ) ಬೇಡ. ಇದನ್ನು ನಾವು ಸದಾ ಲಾಭವೆಂದೇ ಎಣಿಸಿದ್ದೆವು. ಮಾಲು ಮುಟ್ಟಿತೆಂದು ತೋರಿಸಬೇಕಾಗಿ ಬಂದಾಗ ಸರ್ಕಾರಿ ಪೋರ್ಟಲಿನಲ್ಲಿ ಆ ಲಾರಿಗಳ ಗುರುತೇ ಇರಲಿಲ್ಲ. ಉಳಿದದ್ದು ವೇಬ್ರಿಡ್ಜಿನ ತೂಕದ ಚೀಟಿ ಮತ್ತು ಲಾರಿ ಆಫೀಸಿನ ಬಿಲ್ಟಿ, ಅಂದರೆ ಸಾಗಣೆಯ ರಸೀದಿ. ಮಿಲ್ಲಿನ ಮುನೀಮರು ಹಳೆಯ ಬಿಲ್ಟಿಗಳನ್ನು ತಂತಿಗೆ ಚುಚ್ಚಿಡುವ ರೂಢಿಯವರಾದ್ದರಿಂದ ಅರ್ಜಿಯಲ್ಲಿದ್ದ ಎರಡೂ ಲೋಡಿನವು ಸಿಕ್ಕವು, ಅವುಗಳ ಮೇಲೆ ಖರೀದಿದಾರರ ಅಂಗಡಿಯ ಶಿಕ್ಕಾ ಮತ್ತು ತಾರೀಖು ಇದ್ದವು. ಬೇಳೆಯಲ್ಲಿ ನುಚ್ಚು ಹೆಚ್ಚಿತ್ತೆಂಬ ತಕರಾರನ್ನು ಅವರು ಆಮೇಲೆ ಎತ್ತಿದರು. ಮಾಲು ಮುಟ್ಟಿದ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಿಸದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ, ಶಿಕ್ಕಾದ ತಾರೀಖಿನಿಂದ ಆ ದಿನಗಳನ್ನು ಎಣಿಸುವುದು ಸುಲಭವಾಯಿತು.

ಸಣ್ಣ ಉದ್ದಿಮೆಗಳ ಬಾಕಿ ದೂರಿಗೆಂದೇ ಇದ್ದ ಸರ್ಕಾರದ ಸಮಾಧಾನ್ ಪೋರ್ಟಲಿನಲ್ಲಿ ಅರ್ಜಿ ಹಾಕಿದ ಮೇಲೆ ನಡೆದ ರಾಜಿ ಸಂಧಾನದಲ್ಲಿ ಆ ವ್ಯಾಪಾರಿ ಮೆತ್ತಗಾದರು. ಕೌನ್ಸಿಲಿನ ತೀರ್ಪನ್ನು ಪ್ರಶ್ನಿಸಲು ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿ ಇಡಬೇಕು, ಜೊತೆಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಮಿನ ಪ್ರಕಾರ ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸುವ ವರ್ಷದವರೆಗೆ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿರಲಿಲ್ಲ. ಅವರ ಆಡಿಟರೂ ಇದನ್ನೇ ಹೇಳಿರಬೇಕು. ನಾನು ಬಡ್ಡಿಯ ಬಹುಭಾಗ ಬಿಟ್ಟೆ, ಅವರು ಅರ್ಜಿಯಲ್ಲಿಲ್ಲದ ಮೊದಲ ಲೋಡನ್ನೂ ಸೇರಿಸಿ ಅಸಲು ಪೂರ್ತಿ ಕೊಟ್ಟರು. ಬಡ್ಡಿ ಬಿಟ್ಟದ್ದು ತಪ್ಪೆಂದು ನನ್ನ ತಮ್ಮ ಇಂದಿಗೂ ವಾದಿಸುತ್ತಾನೆ.

ಈಗ ನಮ್ಮ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಇರುತ್ತದೆ, 30 ದಿನಗಳ ಗಡುವಿಗೆ ಖರೀದಿದಾರರ ಸಹಿ ಪಡೆದೇ ಲಾರಿ ತುಂಬಿಸುತ್ತೇವೆ. ಶಿಕ್ಕಾ ಬಿದ್ದ ಬಿಲ್ಟಿ ವಾಪಸು ಬರುವವರೆಗೆ ಲಾರಿ ಬಾಡಿಗೆಯಲ್ಲಿ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತೇವೆ. ಡ್ರೈವರುಗಳು ಗೊಣಗುತ್ತಾರೆ, ಆದರೆ ತಂದು ಕೊಡುತ್ತಾರೆ.