ನಂದಿ ಬೆಟ್ಟ ಇಳಿಯುವ ಮುಂಚೆ ಲೇಸ್ ಬಿಚ್ಚಿ ಕಟ್ಟಿ

ನಂದಿ ಬೆಟ್ಟದ ಹಳೇ ಬಂಗಲೆಯಲ್ಲಿ ಮಕ್ಕಳ ಜೊತೆ ಉಳಿದು, ಮಾರನೇ ದಿನ ಮೆಟ್ಟಿಲು ಹಿಡಿದು ಬೆಟ್ಟದ ಬುಡದ ಸುಲ್ತಾನ್‌ಪೇಟೆ ಕಡೆ ಇಳಿಯುವವರು ಮೊದಲು ಎಲ್ಲರ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಪಾದ ಹಿಂದಕ್ಕೆ ಕೂತ ಮೇಲೆ ಕಣಕಾಲಿನ ಹತ್ತಿರ ಬಿಗಿ ಮಾಡಿ. ಬೆರಳಿನ ಕಡೆ ಸಡಿಲ ಇರಲಿ. ಇಳಿಯುವಾಗ ಮೈಭಾರಕ್ಕೆ ಪಾದ ಮುಂದಕ್ಕೆ ಜಾರಿ, ಹೆಬ್ಬೆರಳಿನ ಉಗುರು ಶೂ ತುದಿಗೆ ಬಡಿಯುತ್ತಲೇ ಇರುತ್ತದೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ, ಮೆಟ್ಟಿಲು ಒಂದೆರಡಲ್ಲ. ಆಮೇಲೆ ಉಗುರು ಕಪ್ಪಾಗೋದು ಈ ಬಡಿತಕ್ಕೇ. ಶೂ ಅಳತೆಯೇ ಚಿಕ್ಕದಾಗಿದ್ದರೆ ಹೇಗೆ ಕಟ್ಟಿದರೂ ಉಪಯೋಗ ಇಲ್ಲ (ಮಕ್ಕಳ ಕಾಲು ಯಾವಾಗ ಬೆಳೆಯುತ್ತೋ ಗೊತ್ತೇ ಆಗಲ್ಲ, ಅಲ್ವಾ?). ಮಂಜಿಗೆ ಒದ್ದೆಯಾದ ಕಲ್ಲಿನ ಮೇಲೆ ಜಾರುವುದಕ್ಕೂ ಇದು ಮದ್ದಲ್ಲ. ಬಿಸಿಲು ಬಿದ್ದು ಮೆಟ್ಟಿಲು ಒಣಗಿದ ಮೇಲೇ ಹೊರಡಿ.