ಗಾಳಿಕೋವಿಗೆ ಕಾರ್ಬನ್ ಫೈಬರ್ ಸ್ಟಾಕ್: ಮನೆಯಲ್ಲೇ ಕಟ್ಟುವ ಬಗೆ

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಯ ನಟ್ಟನಡುವಿನ ಹತ್ತರ ಚುಕ್ಕೆ 0.5 ಮಿ.ಮೀ. ಅಗಲ, ಅಷ್ಟೆ. ಅದರ ಮೇಲೆ ಬೀಳುವ ಸಣ್ಣ ಗುಂಡು, ಅಂದರೆ ಪೆಲೆಟ್ಟೇ 4.5 ಮಿ.ಮೀ. ದಪ್ಪ. ಇಷ್ಟು ಸೂಕ್ಷ್ಮದ ಆಟದಲ್ಲಿ ಭುಜಕ್ಕೂ ಕೆನ್ನೆಗೂ ಒರಗುವ ಸ್ಟಾಕ್ (ಕೋವಿಯ ಹಿಡಿಯೂ ಹಿಂಬದಿಯೂ ಸೇರಿದ ಮೈ) ಒಂದು ತಿಂಗಳು ಒಂದು ಆಕಾರ, ಇನ್ನೊಂದು ತಿಂಗಳು ಇನ್ನೊಂದು ಆಕಾರ ತಾಳಿದರೆ ಅಭ್ಯಾಸವೆಲ್ಲ ನೀರಿನಲ್ಲಿ ಹೋಮ. ಮರ ಮಳೆಗಾಲದ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾರ್ಬನ್ ಫೈಬರ್ ಎಳೆ ತನ್ನ ಉದ್ದಕ್ಕೆ ಬಿಸಿಗೂ ತೇವಕ್ಕೂ ಹೆಚ್ಚುಕಡಿಮೆ ಜಗ್ಗುವುದಿಲ್ಲ. ಈ ಕೆಲಸಕ್ಕೆ ಅದನ್ನು ಆರಿಸುವುದು ಮುಖ್ಯವಾಗಿ ಈ ಗುಣಕ್ಕಾಗಿ.

ಹಗುರ ಎನ್ನುವುದು ಆಮೇಲಿನ ಮಾತು. ನಿಯಮದ ಪ್ರಕಾರ ರೈಫಲ್‌ನ ಒಟ್ಟು ತೂಕ 5.5 ಕೆ.ಜಿ. ಮೀರುವಂತಿಲ್ಲ, ಹಲವು ಶೂಟರ್‌ಗಳು ಆ ಮಿತಿಯ ಹತ್ತಿರವೇ ಇರುತ್ತಾರೆ. ಸ್ಟಾಕ್‌ನಲ್ಲಿ ಉಳಿಸಿದ ಅರ್ಧ ಕಿಲೋವನ್ನು ಬೇಕಾದ ಕಡೆ ಉಕ್ಕಿನ ತೂಕವಾಗಿ ಕೂರಿಸಬಹುದು. ಹಗುರದಿಂದ ಸಿಗುವ ನಿಜವಾದ ಲಾಭ ಅದು.

ಮೊದಲು ಕಾನೂನು. ನಮ್ಮಲ್ಲಿ 4.5 ಮಿ.ಮೀ. ಬೋರ್‌ನ (ನಳಿಗೆಯ ಒಳವ್ಯಾಸದ), ಪೆಲೆಟ್‌ನ ಶಕ್ತಿ 20 ಜೂಲ್ ಮೀರದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ. ಈ ಲೇಖನ ಅದಕ್ಕೆ ಮಾತ್ರ. ಮದ್ದುಗುಂಡಿನ ಬಂದೂಕಿನ ಭಾಗಗಳ ಕೆಲಸ ಪರವಾನಗಿ ಇರುವ ಕುಶಲಕರ್ಮಿಯದು, ಅದಕ್ಕೆ ಕೈ ಹಾಕಬೇಡಿ.

ಬೇಕಾಗುವ ಸಾಮಾನು

ಸುಮಾರು 80 ಸೆಂ.ಮೀ. ಉದ್ದದ, ಸರಾಸರಿ 22 ಸೆಂ.ಮೀ. ಸುತ್ತಳತೆಯ ಸ್ಟಾಕ್‌ನ ಮೈ 0.18 ಚದರ ಮೀಟರ್ ಆಗುತ್ತದೆ. ನಾಲ್ಕು ಪದರಕ್ಕೆ 0.72. ಕತ್ತರಿಸುವಾಗಿನ ನಷ್ಟ ಸೇರಿಸಿ ಒಂದು ಚದರ ಮೀಟರ್ ಬಟ್ಟೆ ತನ್ನಿ: ಚದರ ಮೀಟರಿಗೆ 200 ಗ್ರಾಂ ತೂಗುವ, 2×2 ಟ್ವಿಲ್ (ಓರೆಗೆರೆ) ನೇಯ್ಗೆಯ ಕಾರ್ಬನ್. ಪ್ಲೇನ್ ನೇಯ್ಗೆ ಬಾಗುವಲ್ಲಿ ಹಠ ಮಾಡುತ್ತದೆ, ಟ್ವಿಲ್ ಮೈಗೆ ಒಗ್ಗುತ್ತದೆ. ಜೊತೆಗೆ 100 ಗ್ರಾಂನ ಗ್ಲಾಸ್ ಬಟ್ಟೆ ಕಾಲು ಮೀಟರ್. ಲ್ಯಾಮಿನೇಟಿಂಗ್ ಎಪಾಕ್ಸಿ (ಬಟ್ಟೆಗೆ ತೋಯಿಸುವ ಅಂಟುದ್ರವ, ಅಂದರೆ ರೆಸಿನ್), ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಸೇರಿ 600 ಗ್ರಾಂ. ಒಳತಿರುಳಿಗೆ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ಫೋಮ್) ಶೀಟ್. ತಾರಸಿ ತಂಪಾಗಿಸಲು ಹಾಸುತ್ತಾರಲ್ಲ, ಅದೇ. ಮೈಕ್ರೋಬಲೂನ್ (ಸೂಕ್ಷ್ಮ ಟೊಳ್ಳು ಮಣಿಗಳ) ಪುಡಿ, ಪೀಲ್ ಪ್ಲೈ (ಗಟ್ಟಿಯಾದ ಮೇಲೆ ಸುಲಿದು ತೆಗೆಯುವ ಬಟ್ಟೆ), 12 ಮಿ.ಮೀ. ಹೊರವ್ಯಾಸದ ಅಲ್ಯೂಮಿನಿಯಂ ಕೊಳವೆ, ಒಂದು ತುಂಡು ಗಟ್ಟಿ ಪ್ಲೈವುಡ್, 0.1 ಗ್ರಾಂ ತೋರಿಸುವ ತಕ್ಕಡಿ, ನೈಟ್ರೈಲ್ ಗ್ಲೌಸ್, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್.

ಪಾಲಿಯೆಸ್ಟರ್ ರೆಸಿನ್ ಅಗ್ಗ ಎಂದು ಅಂಗಡಿಯವರು ಕೈಗಿಟ್ಟರೆ ಬೇಡವೆನ್ನಿ. ಅದರೊಳಗಿನ ಸ್ಟೈರೀನ್ ಎಕ್ಸ್‌ಪಿಎಸ್ಸನ್ನು ಕರಗಿಸಿಬಿಡುತ್ತದೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ತಿರುಳು ಕುಸಿದು ಗುಂಡಿ ಬೀಳುತ್ತದೆ. ಎಪಾಕ್ಸಿಗೆ ಆ ದೋಷವಿಲ್ಲ.

ತಿರುಳು ಕೆತ್ತುವುದು

ಕೋವಿಯಲ್ಲಿ ಪೆಲೆಟ್ ಇಲ್ಲವೆಂದು ನೋಡಿ, ಗಾಳಿ ಸಿಲಿಂಡರ್ ಬಿಚ್ಚಿಟ್ಟು, ಆಮೇಲೆ ಹಳೆಯ ಸ್ಟಾಕ್‌ನಿಂದ ಆ್ಯಕ್ಷನ್ (ಟ್ರಿಗರ್, ಬ್ಯಾರೆಲ್ ಸೇರಿದ ಲೋಹದ ಯಂತ್ರಭಾಗ) ಕಳಚಿ. ಟ್ರಿಗರ್‌ನಿಂದ ಬಟ್ ಪ್ಲೇಟ್‌ವರೆಗಿನ (ಭುಜಕ್ಕೆ ಒರಗುವ ತುದಿಯವರೆಗಿನ) ಉದ್ದ, ಕೆನ್ನೆಯ ಎತ್ತರ, ಹಿಡಿಯ ಸುತ್ತಳತೆ, ಸ್ಕ್ರೂಗಳ ನಡುವಿನ ಅಂತರ ಇವನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. 3 ಮಿ.ಮೀ. ಪ್ಲೈವುಡ್‌ನಲ್ಲಿ ಪಕ್ಕದ ನೋಟದ ಎರಡು ಅಚ್ಚು ಕತ್ತರಿಸಿ ಶೀಟಿನ ಎರಡೂ ಬದಿಗೆ ಪಿನ್ ಮಾಡಿ, ಅಚ್ಚಿನ ಅಂಚನ್ನೇ ಹಿಡಿದು ಕೊಯ್ಯಿರಿ. ಬಿಸಿ ತಂತಿಯಲ್ಲಿ ಕೊಯ್ದರೆ ಹೊಗೆ ವಿಷ, ಬಯಲಿನಲ್ಲಿ ಮಾಡಿ. ಮಿಕ್ಕದ್ದು 80, 120 ನಂಬರಿನ ಉಪ್ಪುಕಾಗದದ ಕೆಲಸ.

ತಿರುಳು ಅಂತಿಮ ಅಳತೆಗಿಂತ ಎಲ್ಲ ಕಡೆಯೂ 1.5 ಮಿ.ಮೀ. ಸಣ್ಣದಿರಬೇಕು. ನಾಲ್ಕು ಪದರ ಸೇರಿ 1.1 ಮಿ.ಮೀ. ಆಗುತ್ತದೆ, ಉಳಿದದ್ದು ಮೈ ಸಮ ಮಾಡುವ ಫಿಲ್ಲರ್‌ಗೆ. ಇದನ್ನು ಮರೆತರೆ ಹಿಡಿ ಕೈಗೆ ದಪ್ಪವಾಗುತ್ತದೆ, ಆಗ ಕಾರ್ಬನ್ ಉಜ್ಜಿ ಸಣ್ಣಗಾಗಿಸುವ ಮನಸ್ಸಾಗುತ್ತದೆ. ಉಜ್ಜಿದರೆ ಹೋಗುವುದು ಬಲ ಕೊಡುವ ಎಳೆಯೇ.

ಆ್ಯಕ್ಷನ್ ಕೂರುವ ಜಾಗದಲ್ಲಿ ಮಾತ್ರ ಫೋಮ್ ಬೇಡ. ಅಲ್ಲಿನ ಫೋಮ್ ತೆಗೆದು ಪ್ಲೈವುಡ್ ಬ್ಲಾಕ್ ಅಂಟಿಸಿ, ಸ್ಕ್ರೂ ಹಾಯುವಲ್ಲಿ ಅಲ್ಯೂಮಿನಿಯಂ ಕೊಳವೆ ನಿಲ್ಲಿಸಿ. ಕೊಳವೆಯ ಒಳರಂಧ್ರ ಸ್ಕ್ರೂಗಿಂತ 1 ಮಿ.ಮೀ. ದೊಡ್ಡದಿರಲಿ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ತೇವದಲ್ಲಿ ಅಲ್ಯೂಮಿನಿಯಂಗೆ ನೇರ ತಾಗಿದರೆ ಸಣ್ಣ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಎರಡರ ನಡುವೆ ಗ್ಲಾಸ್ ಬಟ್ಟೆಯ ಒಂದು ಸುತ್ತು ಹಾಕಿ. ಕರಾವಳಿಯಲ್ಲಿರುವವರು ಇದನ್ನು ಬಿಡಲೇಬಾರದು.

ಬಟ್ಟೆ ಹಾಸುವ ದಿನ

ಎಪಾಕ್ಸಿಗೆ ಮೈಕ್ರೋಬಲೂನ್ ಬೆರೆಸಿ ದೋಸೆಹಿಟ್ಟಿನ ಹದ ಮಾಡಿ, ತಿರುಳಿನ ಮೈಗೆಲ್ಲ ತೆಳ್ಳಗೆ ಸವರಿ. ಇದಿಲ್ಲದಿದ್ದರೆ ಬಟ್ಟೆಗೆ ಸೇರಬೇಕಾದ ರೆಸಿನ್ನನ್ನು ಫೋಮ್‌ನ ರಂಧ್ರಗಳು ಕುಡಿಯುತ್ತವೆ, ಪದರ ಒಣಕಲಾಗಿ ಮುಂದೆ ಸಿಪ್ಪೆಯಂತೆ ಏಳುತ್ತದೆ. ಹೆಬ್ಬೆರಳ ತೂತಿನ ಬಳಿಯ ಒಳಮೂಲೆಗಳನ್ನು ಇದೇ ಹಿಟ್ಟಿನಿಂದ, ಇನ್ನೂ ಗಟ್ಟಿ ಮಾಡಿ, 6 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ತುಂಬಿ. ಬಟ್ಟೆ ಚೂಪು ಮೂಲೆಗೆ ಇಳಿಯದೆ ಸೇತುವೆ ಕಟ್ಟುತ್ತದೆ, ಅದರಡಿ ಗಾಳಿ ಉಳಿಯುತ್ತದೆ. ಹಾಳಾದ ಸ್ಟಾಕ್‌ಗಳಲ್ಲಿ ಮೊದಲು ಬಿರುಕು ಕಾಣುವುದು ಸಾಮಾನ್ಯವಾಗಿ ಇಲ್ಲೇ.

ಬಟ್ಟೆ ಕತ್ತರಿಸುವ ಗೆರೆಯ ಮೇಲೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮಧ್ಯದಲ್ಲಿ ಕತ್ತರಿ ಹಾಯಿಸಿ, ಎಳೆ ಬಿಚ್ಚುವುದಿಲ್ಲ. ಮೊದಲನೆಯ ಮತ್ತು ನಾಲ್ಕನೆಯ ಪದರದ ಎಳೆ ಸ್ಟಾಕ್‌ನ ಉದ್ದಕ್ಕೆ ನೇರ, ನಡುವಿನ ಎರಡು 45 ಡಿಗ್ರಿ ಓರೆ. ನೇರ ಎಳೆ ಬಾಗುವುದನ್ನು ತಡೆಯುತ್ತದೆ, ಓರೆ ಎಳೆ ತಿರುಚುವುದನ್ನು. ನಾಲ್ಕನ್ನೂ ನೇರ ಹಾಕಿದರೆ ಮುಂಭಾಗ ಕೈಯಲ್ಲಿ ತಿರುಚುವಷ್ಟು ಸಡಿಲವಾಗಿರುತ್ತದೆ. ಎಡ, ಬಲ ಎಂದು ಎರಡು ತುಂಡಾಗಿ ಹಾಸಿ, ಜೋಡಣೆಯಲ್ಲಿ 20 ಮಿ.ಮೀ. ಒಂದರ ಮೇಲೊಂದು ಬರಲಿ. ಪದರದಿಂದ ಪದರಕ್ಕೆ ಆ ಜೋಡಣೆಯನ್ನು ಸರಿಸುತ್ತ ಹೋಗಿ, ಎಲ್ಲ ಒಂದೇ ಕಡೆ ಬಂದರೆ ಏಣು ಏಳುತ್ತದೆ.

ರೆಸಿನ್ ಮತ್ತು ಹಾರ್ಡ್‌ನರ್ ಅನುಪಾತ ಡಬ್ಬಿಯ ಮೇಲಿರುವಷ್ಟೇ, ತೂಕದಲ್ಲಿ. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಹೆಚ್ಚಿಸುವುದು ದೊಡ್ಡ ತಪ್ಪು, ಮಿಕ್ಕ ಹಾರ್ಡ್‌ನರ್ ಒಳಗೇ ಉಳಿದು ಸ್ಟಾಕ್ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಮೂರು ನಿಮಿಷ ಕಲಸಿ, ಬೇರೆ ಲೋಟಕ್ಕೆ ಸುರಿದು ಮತ್ತೆ ಒಂದು ನಿಮಿಷ ಕಲಸಿ. ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ಬೇಡ. ಲೋಟದಲ್ಲಿ ರಾಶಿಯಾಗಿ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದಿಡಿ. ಉಷ್ಣತೆ 10 ಡಿಗ್ರಿ ಏರಿದರೆ ಕೆಲಸದ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆಳಗಿನ ಜಾವದ ಹೊತ್ತೇ ಸರಿ, ನಿಧಾನದ ಹಾರ್ಡ್‌ನರ್ ಕೇಳಿ ಪಡೆಯಿರಿ.

ಒಣ ಬಟ್ಟೆಯ ತೂಕದಷ್ಟೇ ರೆಸಿನ್, ಅಂದರೆ ಸುಮಾರು 145 ಗ್ರಾಂ ಕಾರ್ಬನ್‌ಗೆ ಅಷ್ಟೇ ಎಪಾಕ್ಸಿ. ಹೆಚ್ಚಾದರೆ ತೂಕವೇ ಹೊರತು ಬಲವಿಲ್ಲ. ಮೇಲೆ ಪೀಲ್ ಪ್ಲೈ, ತೂತಿನ ಹಾಳೆ, ರೆಸಿನ್ ಹೀರುವ ದಪ್ಪ ನಾನ್‌ವೋವನ್ ಬಟ್ಟೆ, ಕೊನೆಗೆ ವ್ಯಾಕ್ಯೂಮ್ ಚೀಲ. ಗುಜರಿ ಅಂಗಡಿಯ ಫ್ರಿಜ್ ಕಂಪ್ರೆಸರ್ ಪಂಪಿನ ಕೆಲಸ ಮಾಡುತ್ತದೆ. ಒತ್ತಡ ಅರ್ಧ ಬಾರ್‌ನಲ್ಲೇ ನಿಲ್ಲಿಸಿ, ಪೂರ್ತಿ ಎಳೆದರೆ ಬಿಸಿಗೆ ಮೆತ್ತಗಾದ ಫೋಮ್ ಒಳಕ್ಕೆ ಅಪ್ಪಚ್ಚಿಯಾಗುವ ಭಯವಿದೆ. ಪಂಪ್ ಇಲ್ಲದವರು ಪ್ಯಾಕಿಂಗ್‌ನ ಸ್ಟ್ರೆಚ್ ಫಿಲ್ಮ್ ಬಿಗಿಯಾಗಿ ಸುತ್ತಿ ಸೂಜಿಯಿಂದ ಚುಚ್ಚಿದರೂ ನಡೆಯುತ್ತದೆ, ಹಿಡಿಯ ತಗ್ಗುಗಳಲ್ಲಿ ಮಾತ್ರ ಒತ್ತಡ ಸಾಲದು.

24 ಗಂಟೆ ಮುಟ್ಟಬೇಡಿ, ಆಮೇಲೆ ಚೀಲ, ಪೀಲ್ ಪ್ಲೈ ಎಲ್ಲ ಸುಲಿದು ತೆಗೆಯಿರಿ. ಮಳೆಗಾಲದ ತೇವದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಏಳುತ್ತದೆ. ಉಜ್ಜುವ ಮೊದಲು ಉಗುರುಬೆಚ್ಚನೆ ನೀರು ಮತ್ತು ಪಾತ್ರೆ ತಿಕ್ಕುವ ನಾರಿನಿಂದ ಅದನ್ನು ತೊಳೆಯಿರಿ. ತೊಳೆಯದೆ ಉಜ್ಜಿದರೆ ಜಿಡ್ಡು ಒಳಕ್ಕೆ ಸೇರಿ, ಮುಂದಿನ ಲೇಪ ಹಿಡಿಯುವುದಿಲ್ಲ.

ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50ರಿಂದ 60 ಡಿಗ್ರಿಯಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕಪ್ಪು ಸ್ಟಾಕ್ ಆ ಮಟ್ಟ ಮುಟ್ಟುವುದು ಸುಲಭ. ಅದಕ್ಕೇ ಒಂದು ವಾರದ ನಂತರ ಬಲ್ಬ್ ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ, ನಿಧಾನಕ್ಕೆ ಏರಿಸುತ್ತ, 55 ಡಿಗ್ರಿಯಲ್ಲಿ ಎಂಟು ಗಂಟೆ ಇಡಿ. ಬಲ್ಬ್ ರಟ್ಟಿಗೆ ತಾಗದಿರಲಿ, ಥರ್ಮಾಮೀಟರ್ ಒಳಗಿರಲಿ, ಬಿಟ್ಟು ಹೋಗಬೇಡಿ. 70 ದಾಟಿದರೆ ಎಕ್ಸ್‌ಪಿಎಸ್ ಕುಗ್ಗುತ್ತದೆ.

ಬೆಡ್ಡಿಂಗ್: ನಿಖರತೆ ಹುಟ್ಟುವ ಜಾಗ

ಹೊರಗಿನ ಕಾರ್ಬನ್ ಎಷ್ಟೇ ಅಂದವಾಗಿರಲಿ, ಆ್ಯಕ್ಷನ್ ಸ್ಟಾಕ್‌ನಲ್ಲಿ ಒತ್ತಡವಿಲ್ಲದೆ ಕೂರದಿದ್ದರೆ ಪೆಲೆಟ್ ಒಂದೆಡೆ ಬೀಳುವುದಿಲ್ಲ. ಆ್ಯಕ್ಷನ್‌ಗೆ ಸರಿಹೊಂದುವ ಗೂಡನ್ನು ಎಪಾಕ್ಸಿಯಲ್ಲಿ ಅಚ್ಚೊತ್ತುವ ಈ ಕೆಲಸವೇ ಬೆಡ್ಡಿಂಗ್, ಅವಸರ ಮಾಡಬಾರದ ಹಂತ.

ಬ್ಲಾಕಿನಲ್ಲಿ ಆ್ಯಕ್ಷನ್‌ಗಿಂತ 2 ಮಿ.ಮೀ. ದೊಡ್ಡ ಗೂಡು ಕೊರೆಯಿರಿ. ಆ್ಯಕ್ಷನ್‌ಗೆ ಮೇಣದ ಪಾಲಿಶ್ ಮೂರು ಸಲ ಹಚ್ಚಿ ಒರೆಸಿ, ರಂಧ್ರ ಮತ್ತು ಹಳ್ಳಗಳಿಗೆಲ್ಲ ಮಕ್ಕಳ ಆಟದ ಜೇಡಿ ತುಂಬಿ. ಒಂದು ಹಳ್ಳ ಬಿಟ್ಟರೂ ಎಪಾಕ್ಸಿ ಅಲ್ಲಿ ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ. ಅಲ್ಯೂಮಿನಿಯಂ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ ಗೂಡಿಗೆ ತುಂಬಿ, ಸ್ಕ್ರೂಗೆ ಟೇಪ್ ಸುತ್ತಿ ಕೊಳವೆಯ ನಡುವೆ ನಿಲ್ಲಿಸಿ, ಆ್ಯಕ್ಷನ್ ಕೂರಿಸಿ. ಸ್ಕ್ರೂ ಬಿಗಿಯಬೇಡಿ, ಜಾರದಂತೆ ಹಿಡಿದರೆ ಸಾಕು. ಬಿಗಿದರೆ ಆ್ಯಕ್ಷನ್ ಬಾಗಿದ ಸ್ಥಿತಿಯಲ್ಲೇ ಅಚ್ಚಾಗುತ್ತದೆ. ಬ್ಯಾರೆಲ್ಲೂ ಗಾಳಿ ಸಿಲಿಂಡರೂ ಸ್ಟಾಕ್‌ಗೆ ಎಲ್ಲೂ ತಾಗಕೂಡದು, ನಡುವೆ ಮಡಿಸಿದ ಕಾಗದ ಸರಾಗ ಹಾಯಬೇಕು.

ಮರುದಿನ ಕಳಚಿ, ಅಂಚು ತಿದ್ದಿ, ಮತ್ತೆ ಜೋಡಿಸಿ, ತಯಾರಕರು ಹೇಳಿದ ಟಾರ್ಕ್‌ಗೆ (ತಿರುಚುಬಲಕ್ಕೆ) ಬಿಗಿಯಿರಿ. ಸ್ಟಾಕ್‌ಗೆ ಡಯಲ್ ಗೇಜ್ (ಸೂಕ್ಷ್ಮ ಚಲನೆ ತೋರಿಸುವ ಮುಳ್ಳಿನ ಮಾಪಕ) ಕಟ್ಟಿ, ಅದರ ಮೊನೆಯನ್ನು ಬ್ಯಾರೆಲ್‌ಗೆ ತಾಗಿಸಿ ಮುಂದಿನ ಸ್ಕ್ರೂ ಸಡಿಲಿಸಿ. ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಓಡಿದರೆ ಬೆಡ್ಡಿಂಗ್ ಒತ್ತಡದಲ್ಲಿದೆ. ಮೇಲಿನ ಪದರ 1 ಮಿ.ಮೀ. ಕೆರೆದು ಮತ್ತೊಮ್ಮೆ ಮಾಡಿ.

ಮೆರುಗು, ತೂಕ

ಉಜ್ಜುವುದೆಲ್ಲ ನೀರು ಹಾಕಿ: 240, 400, 600. ಕಾರ್ಬನ್ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಕೇಡು, ಸ್ವಿಚ್ ಬೋರ್ಡ್ ಒಳಹೊಕ್ಕರೆ ಶಾರ್ಟ್. ಬಿಸಿಲಿಗೆ ಎಪಾಕ್ಸಿ ಹಳದಿಯಾಗುವುದರಿಂದ ಯುವಿ ತಡೆಯುವ ಪಾಲಿಯುರೆಥೇನ್ ಕ್ಲಿಯರ್ ಎರಡು ಕೋಟ್ ಬೇಕು. ಅದನ್ನು ಸ್ಪ್ರೇ ಪೇಂಟ್ ಮಾಡುವವರ ಕೈಲಿ ಮಾಡಿಸುವುದೇ ಒಳ್ಳೆಯದು, ಅದರ ಆವಿಗೆ ಮನೆಯ ಮಾಸ್ಕ್ ಸಾಲದು.

ಎಲ್ಲ ಜೋಡಿಸಿದ ಮೇಲೆ, ಸೈಟ್‌ಗಳನ್ನೂ ಸೇರಿಸಿ ತೂಗಿ. ಉಕ್ಕಿನ ತೂಕವನ್ನು 50 ಗ್ರಾಂ ತುಂಡುಗಳಾಗಿ ಮುಂಭಾಗದ ರೈಲ್‌ಗೆ ಕೂರಿಸುತ್ತ, ಪ್ರತಿ ಬದಲಾವಣೆಗೂ 20 ಪೆಲೆಟ್ ಹಾರಿಸಿ ಗುಂಪಿನ ಅಗಲ ಬರೆದಿಡಿ. ತಕ್ಕಡಿಗಳ ವ್ಯತ್ಯಾಸಕ್ಕೆಂದು 5.5 ಕೆ.ಜಿ.ಗೆ 30 ಗ್ರಾಂ ಕಡಿಮೆ ಇರುವಾಗಲೇ ನಿಲ್ಲಿಸಿ.